ಹಬೆಗೆ ಉಪ್ಪಿಲ್ಲ

ಹಬೆ ಇಸ್ತ್ರಿಯ ಹೊಟ್ಟೆಗೆ ವಿನೆಗರ್ ಸುರಿದು, ಮುಚ್ಚಳ ತಿರುಗಿಸಿ, ಇಸ್ತ್ರಿಯಮ್ಮ ಅದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದಳು. ಒಳಗೆ ಹಕ್ಕಳೆ ಕಟ್ಟಿದ ಸುಣ್ಣ ಸುಯ್ಯೆಂದು ಕರಗುವ ಸದ್ದು. ಆ ಬೀದಿಯ ಬೋರ್ ನೀರು ಅಷ್ಟು ಗಡಸು. ಬಕೆಟ್ಟಿನಲ್ಲಿ ಅರ್ಧ ದಿನ ನಿಂತರೆ ಸುತ್ತಲೂ ಬಿಳಿ ಗೆರೆ ಬರೆದುಬಿಡುತ್ತಿತ್ತು. ನಲ್ಲಿಗಳ ಮೂತಿಗೆ ಗಡ್ಡ ಬಂದಿತ್ತು. ತಿಂಗಳಿಗೊಮ್ಮೆ ಹೀಗೆ ವಿನೆಗರ್ ಕುಡಿಸದಿದ್ದರೆ ಇಸ್ತ್ರಿಗೆ ಕೆಮ್ಮು ಹತ್ತಿ, ಕಂಡವರ ಕರಿ ಪ್ಯಾಂಟಿನ ಮೇಲೆ ಬಿಳಿ ನೀರು ಉಗುಳುತ್ತಿತ್ತು.

"ಏನಮ್ಮ, ಮಗೂಗೆ ಹಾಲು ಕುಡಿಸ್ತಿದ್ದೀರಾ?" ಎನ್ನುತ್ತ ಮೊಬೈಲ್ ರಿಪೇರಿಯವನು ಒಳಗೆ ಬಂದ. ಐವತ್ತು ದಾಟಿದ ಗಂಡಸು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡೇ ಬೀದಿ ಸುತ್ತುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಭೂತಗನ್ನಡಿಯೇ.

"ಹೂಂ ಕಣಪ್ಪ. ಹಲ್ಲು ಬಂದಿದೆ ಇದಕ್ಕೆ. ನಿನ್ನ ಹಾಗೆ ಊರವರನ್ನ ಕಚ್ಚೋಕೆ ಮುಂಚೆ ಉದುರಿಸಿಬಿಡೋಣ ಅಂತ."

"ನನ್ನ ಅಂಗಿ ಆಯ್ತಾ? ಮಧ್ಯಾಹ್ನದ ಬಸ್ಸು ಹಿಡೀಬೇಕು. ಸಾಮಾನು ತರೋಕೆ ಹೋಗ್ತಿದ್ದೀನಿ, ಮೂರು ದಿನ ಇರಲ್ಲ."

ಅವಳು ವಿನೆಗರನ್ನು ಜಾಲರಿಗೆ ಬಗ್ಗಿಸಿದಳು. ಮೊಟ್ಟೆಯ ಚಿಪ್ಪಿನಂಥ ಬಿಳಿ ಚೂರುಗಳು ಜಾಲರಿಯಲ್ಲಿ ಉಳಿದವು. ಭೂತಗನ್ನಡಿ ಅದರಲ್ಲೊಂದನ್ನು ಉಗುರಿನ ತುದಿಯಲ್ಲಿ ಎತ್ತಿ ನೋಡಿದ.

"ಇದೇ ನೋಡಿ ನನಗೆ ಅನ್ನ ಹಾಕ್ತಿರೋದು. ಈ ಬೀದಿಯ ಅರ್ಧ ಫೋನುಗಳ ಚಾರ್ಜರ್ ತೂತಲ್ಲಿ ಇದೇ ಕೂತಿರುತ್ತೆ. ಒದ್ದೆ ಕೈಯಲ್ಲಿ ಹಿಡೀತಾರೆ, ಸಿಂಕಿನ ಪಕ್ಕ ಇಡ್ತಾರೆ. ನೀರು ಆರುತ್ತೆ, ಸುಣ್ಣ ಉಳಿಯುತ್ತೆ. ಫೋನು ಸತ್ತುಹೋಯ್ತು ಅಂತ ಅಳ್ತಾ ಬರ್ತಾರೆ. ಸತ್ತಿರಲ್ಲ, ಬಾಯಿ ಕಟ್ಟಿರುತ್ತೆ ಅಷ್ಟೆ."

"ನಮ್ಮದು ಮಾತ್ರ ನಿಜವಾಗ್ಲೂ ಸತ್ತೇಹೋಯ್ತಲ್ಲಪ್ಪ. ಬೋರ್ಡೇ ಸುಟ್ಟಿದೆ ಅಂತ ನೀನೇ ಹೇಳಿ ಕಳಿಸಿದ್ಯಲ್ಲ."

"ನಾನಾ? ಯಾವಾಗ?"

"ಹೋದ ವರ್ಷ. ಪುಟ್ಟಿ ತಂದಿದ್ಲಲ್ಲ, ನೀಲಿ ಕವರಿನ ಫೋನು."

ಅವನು ಅಂಗಿಗಳ ಗಂಟನ್ನು ಕಂಕುಳಿಗೆ ಸೇರಿಸಿ ತಲೆಯಾಡಿಸಿದ. "ಅಮ್ಮ, ಮನುಷ್ಯರ ಮುಖ ನಾನು ಮರೀತೀನಿ, ಹೆಂಡತಿ ಬೈತಾಳೆ ಅದಕ್ಕೆ. ಫೋನಿನ ಮುಖ ಮರೆಯಲ್ಲ. ನಿಮ್ಮ ಫೋನು ನನ್ನ ಕೈಗೆ ಬಂದೇ ಇಲ್ಲ."

"ಹಾಗಾದ್ರೆ ಬೇರೆ ಯಾರಿಗೋ ತೋರಿಸಿರಬೇಕು ಬಿಡು," ಎಂದಳು ಇಸ್ತ್ರಿಯಮ್ಮ. ಮನೆಯವರ ಮಾನದ ಮೇಲೆ ಯಾರೋ ಕಾಲಿಟ್ಟಂತಾಗಿ ಥಟ್ಟನೆ ಬಂದ ಮಾತು. ಬೀದಿಯಲ್ಲಿ ಇನ್ನೊಂದು ರಿಪೇರಿ ಅಂಗಡಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪುಟ್ಟಿ ಎಂದರೆ ಅವಳ ಓರಗಿತ್ತಿ. ಗಂಡ ಮತ್ತು ಮೈದುನ ಸೇರಿ ಹಾಕಿದ ಅಂಗಡಿ ಇದು. ಮುಂದಿನ ಕೋಣೆಯಲ್ಲಿ ಇಸ್ತ್ರಿ, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರ, ಮಹಡಿಯ ಮೇಲೆ ವಾಸ. ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದ ಮೇಲೆ ಇಬ್ಬರ ಹೆಂಡಂದಿರು ಅದನ್ನು ಹಿಡಿದು ನಿಲ್ಲಿಸಿದ್ದರು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುವ ಜನಕ್ಕೆ ಈ ಇಬ್ಬರು ಒಂದು ಸೋಜಿಗ. ಲಾಡ್ಜಿನ ಹಾಸುಬಟ್ಟೆಗಳನ್ನು ಅವರು ಮಡಚುವುದನ್ನು ನೋಡಬೇಕಿತ್ತು. ಈ ತುದಿ ಇವಳು, ಆ ತುದಿ ಅವಳು. ಒಮ್ಮೆ ಜಾಡಿಸಿ, ಎಳೆದು, ಎದುರು ಬದುರು ನಡೆದು ಬಂದು, ಅಂಚಿಗೆ ಅಂಚು ಕೂಡಿಸಿ, ಮಾತೇ ಇಲ್ಲದೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಹತ್ತೊಂಬತ್ತರ ಮದುಮಗಳಾಗಿ ಬಂದವಳ ತಲೆ ಬಾಚಿ, "ಪುಟ್ಟಿ" ಎಂದು ಮೊದಲು ಕರೆದವಳು ಇಸ್ತ್ರಿಯಮ್ಮನೇ. ಈಗ ಪುಟ್ಟಿಯ ತಲೆಯೂ ಅರ್ಧ ನರೆತಿತ್ತು.

"ಆ ಫೋನು ಇನ್ನೂ ಇದೆಯಾ?" ಭೂತಗನ್ನಡಿ ಕೇಳಿದ.

"ಖಾನೆಯಲ್ಲಿದೆ. ಎಸೆಯೋಕೆ ಮನಸ್ಸು ಬರಲಿಲ್ಲ."

"ಹಾಗಾದ್ರೆ ನೀವೇ ಒಂದು ಕೈ ನೋಡಿ. ಪೂರ್ತಿ ಆಫ್ ಇರಬೇಕು, ಕವರು ಬಿಚ್ಚಿ. ಟಾರ್ಚು ಬಿಟ್ಟು ತೂತೊಳಗೆ ನೋಡಿ. ಬಿಳಿ ಕಂಡ್ರೆ..."

"ಎರಡು ತೊಟ್ಟು ವಿನೆಗರ್ ಬಿಡ್ತೀನಿ."

"ಅಯ್ಯೋ, ಅದೊಂದು ಬೇಡ. ಅದೇನು ನಿಮ್ಮ ಇಸ್ತ್ರಿನಾ? ಸುಣ್ಣದ ಜೊತೆ ಒಳಗಿನ ತಾಮ್ರಾನೂ ತಿಂದುಹಾಕುತ್ತೆ. ಪಿನ್ನು ಬೇಡ, ಸೂಜಿ ಬೇಡ. ಬಾಯಲ್ಲಿ ಊದಲೂ ಬೇಡಿ, ಎಂಜಲು ಹೋಗುತ್ತೆ. ಮರದ ಹಲ್ಲುಕಡ್ಡಿ ತಗೊಂಡು ತುದಿ ಇನ್ನೂ ತೆಳ್ಳಗೆ ಹೆರೀರಿ. ತೂತಿನ ನಡುವೆ ಒಂದು ನಾಲಿಗೆ ಇರುತ್ತೆ, ಅದನ್ನ ಒತ್ತಬೇಡಿ, ಮುರಿದ್ರೆ ಮುಗೀತು ಕತೆ. ಗೋಡೆ ಬದಿಯಲ್ಲಿ ಮಾತ್ರ ಮೆತ್ತಗೆ ಕೆರೀರಿ. ಫೋನಿನ ಬಾಯಿ ಕೆಳಗಿರಲಿ, ಉದುರಿದ್ದು ಹೊರಗೇ ಬೀಳುತ್ತೆ." ಚೀಲದಿಂದ ಬೆರಳುದ್ದದ ಒಂದು ಸೀಸೆ, ಒಂದು ಮೆತ್ತನೆ ಬ್ರಷ್ಷು ತೆಗೆದು ಕಟ್ಟೆಯ ಮೇಲಿಟ್ಟ. "ಕೊನೆಗೆ ಈ ಸ್ಪಿರಿಟ್ಟು. ಗಾಯಕ್ಕೆ ಹಚ್ಚೋದರಲ್ಲಿ ನೀರು ಬೆರೆತಿರುತ್ತೆ, ಇದರಲ್ಲಿ ಇಲ್ಲ ಅನ್ನಬೇಕು. ಬ್ರಷ್ಷಿಗೆ ಹಚ್ಚಿ, ತೊಟ್ಟಿಕ್ಕೋ ಹಾಗಲ್ಲ, ತೇವ ಅನ್ನೋಷ್ಟು. ಬಿಸಿ ಇಸ್ತ್ರಿ ಹತ್ರ ತರಬೇಡಿ, ಹತ್ತಿಕೊಳ್ಳುತ್ತೆ. ಆಮೇಲೆ ಅರ್ಧ ದಿನ ತನ್ನಷ್ಟಕ್ಕೆ ಆರಬೇಕು. ಹಸಿರು ಬಣ್ಣ ಕಂಡ್ರೆ, ಇಲ್ಲ ಚಾರ್ಜಿಗಿಟ್ಟಾಗ ಬಿಸಿಯಾದ್ರೆ, ಅಲ್ಲಿಗೇ ಬಿಟ್ಟುಬಿಡಿ. ನಾನು ಬಂದು ನೋಡ್ತೀನಿ."

ಬಾಗಿಲಲ್ಲಿ ನಿಂತು ಮತ್ತೆ ಹೇಳಿದ: "ಅವಸರ ಮಾಡಬೇಡಿ."

"ಅವಸರ ಅನ್ನೋದು ನನಗೆ ಯಾರೂ ಕಲಿಸಿಲ್ಲ ಹೋಗು," ಎಂದಳು ಇಸ್ತ್ರಿಯಮ್ಮ.

ಅದು ನಿಜವೇ. ಅವಳು ಕಾದು ಕಾದು ಬದುಕಿದವಳು. ಈಗ ನಾಲ್ಕು ವರ್ಷದಿಂದ ಕಾಯುತ್ತಿದ್ದುದು ತಮ್ಮನಿಗಾಗಿ.

ತಾಯಿ ಸತ್ತಾಗ ಅವನಿಗೆ ಏಳು ವರ್ಷ, ಸಾಕಿದವಳು ಇವಳು. ದೊಡ್ಡವನಾಗಿ ಇದೇ ಅಂಗಡಿಯ ಬಟ್ಟೆ ಗಂಟುಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ತಾಯಿಯ ಉಂಗುರ ಗುಂಡಿ ಡಬ್ಬಿಯಿಂದ ಕಾಣೆಯಾಯಿತು. "ಹೇಳಬಾರದು ಅಂತಿದ್ದೆ ಅಕ್ಕ, ಅವನು ಡಬ್ಬಿಗೆ ಕೈ ಹಾಕಿದ್ದನ್ನ ನಾನು ಕಣ್ಣಾರೆ ನೋಡಿದೆ," ಎಂದಿದ್ದಳು ಪುಟ್ಟಿ. ಪುಟ್ಟಿ ಸುಳ್ಳಾಡುವವಳಲ್ಲ. ಇಸ್ತ್ರಿಯಮ್ಮ ತಮ್ಮನನ್ನು ನಿಲ್ಲಿಸಿ, "ಅಮ್ಮನ ಉಂಗುರ ಎಲ್ಲೋ?" ಎಂದು ಕೇಳಿಯೇಬಿಟ್ಟಳು. ಅವನು, ತಾನು ಚಿಕ್ಕಕ್ಕ ಎಂದು ಕರೆಯುತ್ತಿದ್ದ ಪುಟ್ಟಿಯ ಮುಖವನ್ನು ಒಂದು ಗಳಿಗೆ ನೋಡಿದ, ಆಮೇಲೆ ಅಕ್ಕನ ಮುಖವನ್ನು. "ನೀನೇ ಕೇಳಿದ ಮೇಲೆ ನಾನು ಹೇಳೋದಕ್ಕೆ ಏನೂ ಉಳೀಲಿಲ್ಲ," ಎಂದವನು ಉಟ್ಟ ಬಟ್ಟೆಯಲ್ಲೇ ಹೋದ.

ಎರಡೂವರೆ ವರ್ಷ ಕಳೆದು ಒಗೆಯುವ ಯಂತ್ರ ನೀರು ಬಿಡದೆ ಮುಷ್ಕರ ಹೂಡಿತು. ತಳದ ಜಾಲರಿ ಬಿಚ್ಚಿದರೆ, ನೂಲಿನ ಉಂಡೆಯೊಳಗೆ ಸುಣ್ಣ ಮೆತ್ತಿದ, ನಡುವೆ ತೂತಿದ್ದ ಒಂದು ಸಣ್ಣ ಕಲ್ಲು. ವಿನೆಗರಿನಲ್ಲಿ ನೆನೆಸಿಟ್ಟು ನೋಡಿದಾಗ ಅದು ಅಮ್ಮನ ಉಂಗುರ. "ಯಾವುದೋ ಬಟ್ಟೆಯ ಜೊತೆ ಹೋಗಿರಬೇಕು ಅಕ್ಕ," ಎಂದಳು ಪುಟ್ಟಿ. ಇಸ್ತ್ರಿಯಮ್ಮ ಅಂದು ಊಟ ಮಾಡಲಿಲ್ಲ.

ಒಬ್ಬ ಲಾರಿಯವನು, ಅವನನ್ನು ದೂರದ ಬಿಸ್ಕತ್ತು ಕಾರ್ಖಾನೆಯಲ್ಲಿ ನೋಡಿದೆನೆಂದು ಹೇಳಿ ಒಂದು ನಂಬರು ಕೊಟ್ಟ. ಮಾತಾಡಲು ಧೈರ್ಯ ಬರದೆ ಅವಳು ಸಂದೇಶ ಕಳಿಸಿದಳು: ಉಂಗುರ ಸಿಕ್ಕಿತು. ತಪ್ಪು ನನ್ನದು. ವಿಳಾಸ ಕೊಡು, ಕಾಗದ ಬರೆಯುತ್ತೇನೆ. ಉತ್ತರಕ್ಕೆ ಕಾಯುತ್ತಲೇ ಗೆರೆ ಹಾಳೆಯ ನಾಲ್ಕು ಪುಟ ಬರೆದಳು. ಲಕೋಟೆಗೆ ಅಂಚೆಚೀಟಿ ಅಂಟಿಸಿದಳು. ವಿಳಾಸದ ಜಾಗ ಖಾಲಿ ಬಿಟ್ಟು ಗುಂಡಿ ಡಬ್ಬಿಯಲ್ಲಿಟ್ಟಳು. ಹನ್ನೆರಡನೆಯ ದಿನ ಅವಳು ಕಣ್ಣಿನ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ, ಅಂಗಡಿಯಲ್ಲೇ ಬಿಟ್ಟಿದ್ದ ಫೋನು ಚಾರ್ಜು ಹಿಡಿಯುವುದನ್ನು ನಿಲ್ಲಿಸಿತ್ತು.

"ನೀನು ಅದನ್ನ ಇಸ್ತ್ರಿ ಮೇಜಿನ ಮೇಲಿನ ಗೂಡಲ್ಲೇ ಇಡ್ತೀಯಲ್ಲಕ್ಕ. ಹಬೆ ತಾಕಿ ತಾಕಿ ಹಾಳಾಗಿದೆ," ಎಂದಿದ್ದಳು ಪುಟ್ಟಿ. ಮರುದಿನ ತಾನೇ ರಿಪೇರಿಗೆ ಒಯ್ದು, ಬೋರ್ಡೂ ಸುಟ್ಟಿದೆ, ಸಿಮ್ಮೂ ಕೆಟ್ಟಿದೆ ಎಂದು ಹೊಸ ಫೋನು, ಹೊಸ ನಂಬರು ತಂದುಕೊಟ್ಟಿದ್ದಳು. ತಮ್ಮನ ನಂಬರು ಹಳೆಯದರಲ್ಲೇ ಉಳಿಯಿತು. ಲಾರಿಯವನು ಮತ್ತೆ ಆ ದಾರಿಗೆ ಬರಲಿಲ್ಲ. ನನ್ನ ಕೈಯಾರೆ ತಮ್ಮನ ದಾರಿ ಮುಚ್ಚಿಕೊಂಡೆ ಎಂದು ಇಸ್ತ್ರಿಯಮ್ಮ ಹದಿಮೂರು ತಿಂಗಳಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಪುಟ್ಟಿ ಲಾಡ್ಜಿಗೆ ಹೋದವಳು ಬರಲು ಇನ್ನೂ ಹೊತ್ತಿತ್ತು. ಇಸ್ತ್ರಿಯಮ್ಮ ಇಸ್ತ್ರಿಯ ಪ್ಲಗ್ಗು ಕಿತ್ತು ದೂರವಿಟ್ಟು, ಕಿಟಕಿಯ ಬೆಳಕಿಗೆ ಬಿಳಿ ಬಟ್ಟೆ ಹಾಸಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಫೋನು ತೆಗೆದಳು. ತೂತಿನೊಳಗೆ ಟಾರ್ಚು ಬಿಟ್ಟರೆ ನಲ್ಲಿಯ ಮೂತಿಯಲ್ಲಿ ಬೆಳೆಯುವ ಅದೇ ಗಡ್ಡ. ಹಸಿರು ಎಲ್ಲೂ ಇರಲಿಲ್ಲ. ಹಲ್ಲುಕಡ್ಡಿಯನ್ನು ಬ್ಲೇಡಿನಲ್ಲಿ ಹೆರೆದು, ಫೋನನ್ನು ಬಾಯಿ ಕೆಳಗೆ ಮಾಡಿ ಹಿಡಿದು, ಗೋಡೆಯ ಬದಿಯಲ್ಲಿ ಕೂದಲೆಳೆಯಷ್ಟು ಒತ್ತಿದಳು. ಪುಡಿ ಉದುರಿತು. ಕಡ್ಡಿ ತಿರುಗಿಸಿದಳು, ಇನ್ನಷ್ಟು ಉದುರಿತು. ಮೂರು ಕಡ್ಡಿ ಮೊಂಡಾದವು. ರೇಷ್ಮೆ ಸೀರೆಯ ಕಲೆ ತೆಗೆಯುವ ಕೈ ಅದು. ಎಲ್ಲಿ ಒತ್ತಬಾರದೆಂದು ಅದಕ್ಕೆ ಹೇಳಬೇಕಿರಲಿಲ್ಲ. ನಡುವಿನ ನಾಲಿಗೆ ಬೆಳ್ಳಗೆ ಕಂಡರೂ ಅದನ್ನು ಕಡ್ಡಿಗೆ ಕೊಡದೆ, ತೇವದ ಬ್ರಷ್ಷಿನಲ್ಲಿ ಮಾತ್ರ ಸವರಿದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಏರಿ ಇಳಿಯಿತು. ಒಳಗೆ ಸಾಸಿವೆಯ ತುಣುಕಿನಷ್ಟು ಲೋಹ ಹೊಳೆಯಿತು.

ಆರಲೆಂದು ಮಗುಚಿ ಇಡುವಾಗ ಫೋನಿನ ಬೆನ್ನು ಕಂಡಿತು. ಕವರು ಮುಚ್ಚಿದ್ದ ಜಾಗದಲ್ಲಿ, ತಳದಿಂದ ಎರಡು ಬೆರಳು ಮೇಲೆ, ಒಂದು ಬಿಳಿ ಗೆರೆ. ಈ ಅಂಚಿನಿಂದ ಆ ಅಂಚಿಗೆ, ಅಳತೆಗೋಲಿಟ್ಟು ಎಳೆದಷ್ಟು ನೇರ.

ಇಸ್ತ್ರಿಯಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆ ಗೆರೆ ಅವಳಿಗೆ ಗುರುತು. ಬಕೆಟ್ಟಿನಲ್ಲಿ, ಮಗ್ಗಿನಲ್ಲಿ, ಹೂದಾನಿಯ ಗಾಜಿನಲ್ಲಿ, ನೀರು ನಿಂತು ನಿಂತು ಬರೆಯುವ ಗೆರೆ. ಹಬೆಗೆ ಗೆರೆ ಬರೆಯಲು ಬರುವುದಿಲ್ಲ. ಹಬೆಯಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ. ಅವೆಲ್ಲ ಕೆಳಗೆ ಪಾತ್ರೆಯಲ್ಲೇ ಕೂತಿರುತ್ತವೆ. ಇಸ್ತ್ರಿ ಉಗುಳಿದಾಗ ಬಟ್ಟೆಗೆ ಬೀಳುವುದು ಒಳಗಿನ ನೀರೇ ಹೊರತು ಹಬೆಯಲ್ಲ. ಬಂದ ಗಿರಾಕಿಗಳಿಗೆಲ್ಲ ಇದನ್ನು ಹೇಳುತ್ತ ಬಂದವಳು ಅವಳೇ. ಮೂವತ್ತು ವರ್ಷ ಹಬೆಯಲ್ಲಿ ಬೆಂದವಳಿಗೆ "ಹಬೆ ತಾಕಿ ಹಾಳಾಗಿದೆ" ಎಂದರೆ, ಅವಳು ಹೂಂ ಎಂದಿದ್ದಳು. ಹೇಳಿದ್ದು ಪುಟ್ಟಿ, ಅದಕ್ಕೆ. ಬೇರೆ ಯಾರು ಹೇಳಿದ್ದರೂ ನಕ್ಕುಬಿಡುತ್ತಿದ್ದಳು.

ಯಾರೋ ಈ ಫೋನನ್ನು ಮಗ್ಗಿನ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಕೈ ಜಾರಿ ಬಿದ್ದದ್ದಾಗಿದ್ದರೆ ಗೆರೆ ಇಷ್ಟು ನೇರ ಬರುತ್ತಿರಲಿಲ್ಲ.

ಸಂಜೆ ಪುಟ್ಟಿ ಬಂದಳು. ಕೈಗಾಡಿ ಒಳಗೆ ತಳ್ಳಿ, "ಅಕ್ಕ, ಲಾಡ್ಜಿನ ಮ್ಯಾನೇಜರು ಇವತ್ತು ನನ್ನನ್ನ ಮೇಡಂ ಅಂದ. ನಾಳೆ ಗೋಣಿ ತುಂಬ ಕೊಳೆ ಕೊಡ್ತಾನೆ ನೋಡು," ಎಂದು ತಾನೇ ನಕ್ಕಳು. ಇಸ್ತ್ರಿಯಮ್ಮ ನಗಲಿಲ್ಲ. ಫೋನು ಅಲಮಾರಿಯ ಮೇಲೆ ಆರುತ್ತಿತ್ತು. ಇಬ್ಬರೂ ಹಾಸುಬಟ್ಟೆ ಮಡಚಿದರು. ಎದುರು ಬದುರು ನಡೆದು ಬಂದು ಅಂಚು ಕೂಡಿಸುವಾಗ ಪುಟ್ಟಿಯ ಬೆರಳು ಅವಳ ಬೆರಳಿಗೆ ತಾಗಿತು. ದಿನಕ್ಕೆ ನೂರು ಸಲ ತಾಗುವ ಬೆರಳು. ಇಂದು ಅದು ಬಿಸಿ ಇಸ್ತ್ರಿಯ ಅಂಚಿನಂತೆ ಚುರುಕ್ಕೆಂದಿತು.

"ಯಾಕಕ್ಕ, ಮೈ ಹುಷಾರಿಲ್ವಾ?"

"ಏನಿಲ್ಲ. ಹಿಡಿ, ಇನ್ನೂ ಹದಿನಾಲ್ಕಿದೆ."

ನೋಡದೆ ಆಡಬಾರದು ಎಂದು ಅವಳು ಬಾಯಿ ಕಟ್ಟಿಕೊಂಡಳು. ನೋಡದೆ ಆಡಿದ ಒಂದು ಮಾತಿಗೆ ತಮ್ಮ ಹೋಗಿದ್ದ.

ಬೆಳಗ್ಗೆ ಪುಟ್ಟಿ ಹಿಂದಿನ ಕೋಣೆಯಲ್ಲಿ ಯಂತ್ರಕ್ಕೆ ಬಟ್ಟೆ ತುಂಬುತ್ತಿರುವಾಗ ಅವಳು ಫೋನನ್ನು ಚಾರ್ಜಿಗಿಟ್ಟು ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಬಿಸಿಯಾಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಪ್ಪು ಗಾಜಿನ ನಡುವೆ ಒಂದು ಸಣ್ಣ ಬ್ಯಾಟರಿಯ ಚಿತ್ರ ಕಣ್ಣು ಬಿಟ್ಟಿತು.

ಆ ಫೋನಿಗೆ ಬೀಗ ಹಾಕಿರಲಿಲ್ಲ. ಮನೆಯೊಳಗೆ ಯಾರಿಂದ ಮುಚ್ಚಿಡಬೇಕಿತ್ತು? ಸಂದೇಶಗಳ ಪಟ್ಟಿಯಲ್ಲಿ ಮೇಲೆಯೇ ತಮ್ಮನದು. ಓದದ ಸಂದೇಶವಾದರೆ ದಪ್ಪಕ್ಷರ ಇರುತ್ತದೆ, ಪಕ್ಕದಲ್ಲಿ ಚುಕ್ಕೆ ಇರುತ್ತದೆ. ಇದಕ್ಕೆ ಎರಡೂ ಇರಲಿಲ್ಲ. ಅವಳು ಈವರೆಗೆ ನೋಡಿರದ ಸಂದೇಶವನ್ನು ಯಾರೋ ಆಗಲೇ ತೆರೆದು ಓದಿದ್ದರು. ತಾರೀಖು, ಅವಳು ಕಣ್ಣಿನ ಆಸ್ಪತ್ರೆಗೆ ಹೋದ ದಿನದ್ದು.

ಅಕ್ಕ, ವಿಳಾಸ ಕೆಳಗೆ ಹಾಕಿದ್ದೇನೆ. ನೀನು ಕಾಗದ ಬರೆದರೆ ಬರುತ್ತೇನೆ. ಒಂದು ಮಾತು ಹೇಳಿಬಿಡುತ್ತೇನೆ. ಆ ದಿನ ಬೆಳಗ್ಗೆ ಉಂಗುರ ಚಿಕ್ಕಕ್ಕನ ಬೆರಳಲ್ಲಿತ್ತು. ಹಾಕಿಕೊಂಡೇ ಬಟ್ಟೆ ತುಂಬುತ್ತಿದ್ದಳು. ಅವಳೇ ಹೇಳುತ್ತಾಳೆ ಅಂತ ಸುಮ್ಮನಿದ್ದೆ.

ಇಸ್ತ್ರಿಯಮ್ಮ ಮೂರು ಸಲ ಓದಿದಳು. ಅಕ್ಷರ ತಡವಾಗಿ ಕಲಿತವಳಾದ್ದರಿಂದ ಒಂದೊಂದನ್ನೂ ಬೆರಳಿಟ್ಟು ಓದಿದಳು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಮೇಯ್ದು, ಮತ್ತೆ ಬಂದು ಬೇಲಿಯ ಜಾಗದಲ್ಲೇ ನಿಂತಿತ್ತು. ತಟ್ಟೆಗೆ ಬಡಿಸಿತ್ತು, ಕಾಲಿಗೆ ಎಣ್ಣೆ ಹಚ್ಚಿತ್ತು.

"ಪುಟ್ಟಿ, ಬಾ ಇಲ್ಲಿ."

ಕೈ ಒರೆಸಿಕೊಳ್ಳುತ್ತ ಬಂದ ಪುಟ್ಟಿ ಮೇಜಿನ ಮೇಲೆ ಬೆಳಗುತ್ತಿದ್ದ ಫೋನು ನೋಡಿದಳು. ಒರೆಸುವ ಕೈ ನಿಂತಿತು.

"ಹಬೆಗೆ ಉಪ್ಪಿಲ್ಲ ಪುಟ್ಟಿ," ಎಂದಳು ಇಸ್ತ್ರಿಯಮ್ಮ. ದನಿ ಏರಲಿಲ್ಲ. "ಯಾವ ಮಗ್ಗು? ಹಿಡಿಕೆ ಮುರಿದಿದೆಯಲ್ಲ, ಅದಾ?"

ಪುಟ್ಟಿ ನೆಲ ನೋಡಿದಳು. "ಹಸಿರು ಮಗ್ಗು," ಎಂದಳು. "ಮೆಸೇಜು ಅಳಿಸೋಣ ಅಂತ ಹೋದೆ ಅಕ್ಕ. ಕೈ ಬರಲಿಲ್ಲ. ನೀರಲ್ಲಿ ಇಟ್ರೆ... ನೀರು ಮಾಡಿದ ಹಾಗಾಗುತ್ತಲ್ಲ ಅನ್ನಿಸ್ತು."

"ಎಷ್ಟು ಹೊತ್ತು ಇಟ್ಟಿದ್ದೆ?"

"ನೀನು ಬರೋವರೆಗೂ."

"ಉಂಗುರ?"

"ಒಂದು ಸಲ ಹಾಕ್ಕೊಂಡು ನೋಡೋಣ ಅನ್ನಿಸ್ತು. ಸೋಪಿನ ಕೈ, ಯಾವಾಗ ಜಾರಿತೋ ಗೊತ್ತಾಗಲಿಲ್ಲ. ನೀನು ಡಬ್ಬಿ ಹುಡುಕ್ತಿದ್ದೆ. ಬಾಯಿಗೆ ಅವನ ಹೆಸರು ಬಂದುಬಿಡ್ತು. ನೀನು ಅವನನ್ನ ಬೈದು ಬಿಟ್ಟುಬಿಡ್ತೀಯ ಅಂದ್ಕೊಂಡೆ. ತಮ್ಮ ತಾನೆ. ನಾನು ಹಾಗಲ್ಲ, ನಾನು ಹೊರಗಿಂದ ಬಂದೋಳು."

"ಹೊರಗಿಂದ ಬಂದೋಳು," ಎಂದು ಇಸ್ತ್ರಿಯಮ್ಮ ಆ ಮಾತನ್ನು ತಿರುಗಿಸಿ ನೋಡಿದಳು. "ಇಪ್ಪತ್ತೆಂಟು ವರ್ಷ ಆಯ್ತು. ನಿನಗೆ ಜ್ವರ ಬಂದಾಗ ನಾನು ಹೊರಗಿನೋಳ ಹಣೆ ಮುಟ್ಟಿ ನೋಡ್ತಿದ್ನಾ?"

ಪುಟ್ಟಿ ಅತ್ತಳು. ಯಂತ್ರ ಹಿಂದಿನ ಕೋಣೆಯಲ್ಲಿ ಗಡಗಡ ತಿರುಗುತ್ತಿತ್ತು. ಇಸ್ತ್ರಿಯಮ್ಮ ಎದ್ದು ಸಮಾಧಾನ ಮಾಡಲಿಲ್ಲ. ಹಾಗೆ ಮಾಡದೆ ಕೂರುವುದು ಇದೇ ಮೊದಲು. ಕೈಗಳು ಎಲ್ಲಿರಬೇಕೆಂದು ತಿಳಿಯದೆ ಮೊಂಡು ಹಲ್ಲುಕಡ್ಡಿಗಳನ್ನು ಒಟ್ಟುಮಾಡಿದವು.

ನಂಬರು ಒತ್ತಿ ಮಾತಾಡಬಹುದಿತ್ತು. ಹದಿಮೂರು ತಿಂಗಳು ಮೌನವಾಗಿದ್ದ ಅಕ್ಕನ ದನಿ ಇದ್ದಕ್ಕಿದ್ದಂತೆ ಕಿವಿಗೆ ಬಿದ್ದರೆ ಅವನು ಏನೆಂದುಕೊಂಡಾನು? ಅವನು ಕೇಳಿದ್ದು ಕಾಗದ. ಅವಳು ಗುಂಡಿ ಡಬ್ಬಿಯಿಂದ ಲಕೋಟೆ ತೆಗೆದು ನಾಲ್ಕು ಪುಟವನ್ನೂ ಓದಿದಳು. ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ಪುಟ್ಟಿಯ ಮೇಲೆ ಸಿಟ್ಟು ಮಾಡಬೇಡ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಣ್ಣು ತಪ್ಪಿ ಕಂಡಿರಬೇಕು.

ಪೆನ್ನು ತೆಗೆದು, ಅಳತೆಗೋಲಿಟ್ಟು, ಆ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದಳು. ಕಾಗದವನ್ನು ಪುಟ್ಟಿಯ ಕಡೆ ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟಳು.

"ಕೆಳಗೆ ಜಾಗ ಇದೆ. ನಿಜ ಬರೆದ್ರೆ ಇದರಲ್ಲೇ ಹೋಗುತ್ತೆ. ಬರೀದಿದ್ರೂ ಕಾಗದ ಹೋಗುತ್ತೆ."

"ನನ್ನ ಹೆಸರು ಬರೀಬೇಡಕ್ಕ. ಅವನು ಬಂದ್ರೆ ನಾನು ಹೇಗೆ ಮುಖ ಎತ್ತಲಿ?"

"ನಿನ್ನ ಹೆಸರು ನಾನು ಬರೀತಿಲ್ಲ. ನಿನಗೇ ಬಿಟ್ಟಿದ್ದೀನಿ."

ಪುಟ್ಟಿ ಪೆನ್ನು ಮುಟ್ಟಿದಳು, ತೆಗೆಯಲಿಲ್ಲ. ಯಂತ್ರ ಒಂದು ಸುತ್ತು ಮುಗಿಸಿ ಗಂಟೆ ಬಾರಿಸಿತು. ಆ ಸದ್ದಿಗೇ ಕಾದಿದ್ದವಳಂತೆ ಪುಟ್ಟಿ ಎದ್ದು ಒಳಗೆ ಹೋದಳು. ಒದ್ದೆ ಬಟ್ಟೆ ಬುಟ್ಟಿಗೆ ಬೀಳುವ ಸದ್ದು ಕೇಳಿತು.

ಇಸ್ತ್ರಿಯಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೊನೆಯಲ್ಲಿ ತನ್ನ ಅಕ್ಷರದಲ್ಲಿ ಇಷ್ಟು ಸೇರಿಸಿದಳು: ನಿನ್ನ ವಿಳಾಸ ಸಿಕ್ಕಿದ್ದು ಇವತ್ತು. ಬಂದಾಗ ಹೇಳುತ್ತೇನೆ. ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಲಕೋಟೆಯ ಖಾಲಿ ಜಾಗದಲ್ಲಿ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ನೋಡಿ ನೋಡಿ ಬರೆದಳು. ಅಂಚೆಚೀಟಿಯ ಒಂದು ಮೂಲೆ ಎದ್ದಿತ್ತು. ಅದಕ್ಕೆ ಗೋಂದು ಹಚ್ಚಿ ಒತ್ತಿದಳು.

"ಅಕ್ಕ," ಎಂದು ಒಳಗಿಂದ ಪುಟ್ಟಿ ಕರೆದಳು. "ಹಾಸುಬಟ್ಟೆ ಜಾಡಿಸಿ ಒಣಹಾಕಬೇಕು. ಒಂದು ತುದಿ ಹಿಡೀತೀಯಾ?"

ಇಸ್ತ್ರಿಯಮ್ಮ ಲಕೋಟೆ ಎತ್ತಿಕೊಂಡಳು. ಚಪ್ಪಲಿ ಮೆಟ್ಟಿ ಹೊರಬಿದ್ದಳು. ಬೀದಿಯ ತಿರುವಿನಲ್ಲಿದ್ದ ಕೆಂಪು ಡಬ್ಬಿಯ ಮುಂದೆ ನಿಂತು, ಲಕೋಟೆಯನ್ನು ಸೆರಗಿನಿಂದ ಒಮ್ಮೆ ಒರೆಸಿ, ಸೀಳಿನೊಳಗೆ ಅರ್ಧ ತಳ್ಳಿ, ವಿಳಾಸ ಮತ್ತೊಮ್ಮೆ ಓದಿದಳು. ಆಮೇಲೆ ಬೆರಳು ಬಿಟ್ಟಳು. ಡಬ್ಬಿಯ ತಳದಲ್ಲಿ ಕಾಗದ ಬಿದ್ದ ಸಣ್ಣ ಸದ್ದು ಕೇಳಿಸಿತು.